ಒಂದು ಬಾಲ, ಮೂರು ದನಿ

ಇಂಗ್ಲಿಷ್ ವ್ಯಾಕರಣ ಎಂದರೆ ಸಾಕು, 12 ಟೆನ್ಸ್‌ಗಳ ಉದ್ದನೆಯ ಪಟ್ಟಿ ಕಣ್ಣೆದುರು ಬರುತ್ತದೆ. ಆ ಪಟ್ಟಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ‘ವಾಕ್’ ಎಂಬ ಕ್ರಿಯಾಪದಕ್ಕೆ ಇರುವುದು ಬರೀ ನಾಲ್ಕು ರೂಪ: ವಾಕ್, ವಾಕ್ಸ್, ವಾಕಿಂಗ್, ವಾಕ್ಡ್. ಮಿಕ್ಕದ್ದೆಲ್ಲ ಹ್ಯಾವ್, ಬಿ, ವಿಲ್ ಎಂಬ ಸಹಾಯಕ ಪದಗಳನ್ನು ಮುಂದಿಟ್ಟು ಕಟ್ಟಿದ್ದು. ನಮ್ಮ ‘ನಡೆ’ಯನ್ನೇ ತಗೊಳ್ಳಿ. ನಡೆದೆ, ನಡೆದಳು, ನಡೆಯುತ್ತೇವೆ, ನಡೆಯರು, ನಡೆದೀತು, ನಡೆಯಲಿ... ಎಣಿಸಲು ಕೈಬೆರಳು ಸಾಲದು. ಇಷ್ಟನ್ನು ಸಲೀಸಾಗಿ ಆಡುವ ನಾವು ನಾಲ್ಕು ರೂಪಕ್ಕೆ ಯಾಕೆ ಹೆದರಬೇಕು?

ಈ ನಾಲ್ಕರಲ್ಲಿ ನನಗೆ ತುಂಬಾ ಇಷ್ಟವಾದದ್ದು ಕೊನೆಯದು. ಇ ಮತ್ತು ಡಿ ಎಂಬ ಎರಡಕ್ಷರದ ಆ ಬಾಲ. ಬರೆಯುವಾಗ ಅದು ಒಂದೇ, ಬಾಯಲ್ಲಿ ಮೂರು. ‘ವಾಕ್’ಗೆ ಅಂಟಿದರೆ ಟ್: ನಿಜವಾದ ಉಚ್ಚಾರ ವಾಕ್ಟ್. ‘ಪ್ಲೇ’ಗೆ ಅಂಟಿದರೆ ಡ್: ಪ್ಲೇಡ್. ‘ವಾಂಟ್’ಗೆ ಅಂಟಿದರೆ ಇಡ್: ವಾಂಟಿಡ್. ‘ಬರೆಯೋದು ಒಂದು, ಓದೋದು ಇನ್ನೊಂದು, ಇಂಗ್ಲಿಷಿಗೆ ನಿಯಮವೇ ಇಲ್ಲ’ ಎನ್ನುವವರು ಇದನ್ನೂ ಆ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ತಪ್ಪು. ಇಲ್ಲಿ ನಿಯಮ ಬಹಳ ಕಟ್ಟುನಿಟ್ಟು. ಅದು ಇರುವುದು ನಮ್ಮ ಗಂಟಲಿನಲ್ಲಿ.

ಗಂಟಲ ಮೇಲೆ ಎರಡು ಬೆರಳಿಟ್ಟು ‘ಸ್ಸ್ಸ್’ ಎನ್ನಿ. ಬೆರಳಿಗೆ ಏನೂ ತಿಳಿಯುವುದಿಲ್ಲ. ಈಗ ‘ಮ್ಮ್ಮ್’ ಎನ್ನಿ. ಒಳಗೆ ದುಂಬಿ ಹೊಕ್ಕ ಹಾಗೆ ಗುಂಯ್ ಎನ್ನುತ್ತದೆ. ಅದು ಧ್ವನಿತಂತುಗಳ ಅದಿರಾಟ. ಕ್, ಪ್, ಸ್, ಶ್, ಚ್ ಅದಿರದ ದನಿಗಳು. ಗ್, ಬ್, ಮ್, ಲ್ ಮತ್ತು ಎಲ್ಲ ಸ್ವರಗಳು ಅದಿರುವ ದನಿಗಳು. ಬಾಲದ ಟ್ ಮತ್ತು ಡ್‌ಗೆ ನಾಲಗೆ ತಾಗುವ ಜಾಗ ಒಂದೇ. ಗಂಟಲು ಅದಿರುತ್ತದೋ ಇಲ್ಲವೋ ಎನ್ನುವುದಷ್ಟೇ ಬೇರೆ. ಬಾಲ ಮಾಡುವುದಿಷ್ಟೇ: ಹಿಂದಿನ ದನಿ ಅದಿರುತ್ತಿದ್ದರೆ ತಾನೂ ಅದಿರುತ್ತದೆ, ಸುಮ್ಮನಿದ್ದರೆ ತಾನೂ ಸುಮ್ಮನಿರುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳು ಬೇರೆ ಬೇರೆ ವೇಗದಲ್ಲಿ ನಡೆಯಲು ಆಗುವುದಿಲ್ಲ, ಅಲ್ವಾ? ಹಾಗೆ. ಅಥವಾ ತಿರುಗುತ್ತಿರುವ ಚಕ್ರವನ್ನು ಅರೆಗಳಿಗೆ ನಿಲ್ಲಿಸಿ ಮತ್ತೆ ತಿರುಗಿಸುವುದಕ್ಕಿಂತ ಹಾಗೇ ತಿರುಗಲು ಬಿಡುವುದು ಸುಲಭ. ಇನ್ನು ‘ವಾಂಟ್’ ಕೊನೆಯಲ್ಲಿ ಆಗಲೇ ಟ್ ಇದೆ. ಅದರ ಮೇಲೆ ಇನ್ನೊಂದು ಟ್ ಕೂರಿಸಿದರೆ ಕಿವಿಗೆ ಬಾಲವೇ ಸಿಗುವುದಿಲ್ಲ. ಅದಕ್ಕೇ ನಡುವೆ ‘ಇ’ ಎಂಬ ಬೆಣೆ.

ಇದು ನಮಗೆ ಹೊಸದೇನಲ್ಲ. ಮಳೆ, ಕಾಲ ಸೇರಿದರೆ ಮಳೆಗಾಲ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ. ಅದಿರುವ ಸ್ವರಗಳ ನಡುವೆ ಸಿಕ್ಕಿದ ಕ, ತ ತಾವೂ ಅದಿರಿ ಗ, ದ ಆಗುತ್ತವೆ. ಆದೇಶ ಸಂಧಿ ಎಂದು ನಾವು ಓದಿದ್ದು ಇದನ್ನೇ.

ಹಾಗಾದರೆ ವಾಕ್ಡ್, ಪ್ಲೇಡ್ ಎಂದು ಬರೆಯುವಾಗ, ಬಾಯಲ್ಲಿ ಇಲ್ಲದ ಆ ‘ಇ’ ಅಕ್ಷರ ಯಾಕಿದೆ? ಹಿಂದೆ ಅದನ್ನು ನಿಜಕ್ಕೂ ಉಚ್ಚರಿಸುತ್ತಿದ್ದರು. ನಿಧಾನಕ್ಕೆ ಆ ಸ್ವರ ಸವೆಯಿತು, ಕ್ ಪಕ್ಕಕ್ಕೆ ಡ್ ಬಂದು ಟ್ ಆಯಿತು. 1712ರಲ್ಲಿ ಲೇಖಕ ಜೋನಾಥನ್ ಸ್ವಿಫ್ಟ್ ಇಂಥ ಮೊಟಕು ರೂಪಗಳ ಬಗ್ಗೆ ಕಟುವಾಗಿ ದೂರಿದ. ಭಾಷೆ ಕೆಡುತ್ತಿದೆ ಎಂಬುದು ಅವನ ಅಳಲು. ಭಾಷೆ ಅವನ ಮಾತು ಕೇಳಲಿಲ್ಲ. ಆ ಹಳೆಯ ಸ್ವರ ಇಂದೂ ಅಲ್ಲಲ್ಲಿ ಉಳಿದಿದೆ: ‘ಕಲಿತ’ ಎನ್ನಲು ಲರ್ನ್ಡ್, ‘ಪಂಡಿತ’ ಎನ್ನಲು ಲರ್ನಿಡ್.

ಈ ನಿಯಮವನ್ನು ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. 1958ರಲ್ಲಿ ಜೀನ್ ಬರ್ಕೊ ಎಂಬ ಸಂಶೋಧಕಿ ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳಿಗೆ ಚಿತ್ರ ತೋರಿಸಿ, ಎಲ್ಲೂ ಇಲ್ಲದ ಕ್ರಿಯಾಪದಗಳನ್ನು ಕೊಟ್ಟರು. ‘ಈತ ಬಿಂಗ್ ಮಾಡುತ್ತಿದ್ದಾನೆ, ನಿನ್ನೆ ಏನು ಮಾಡಿದ?’ ಬಹುತೇಕ ಮಕ್ಕಳು ‘ಬಿಂಗ್ಡ್’ ಎಂದರು. ಕೇಳಿಯೇ ಇಲ್ಲದ ಪದ! ಎಂದರೆ ಅವರ ತಲೆಯಲ್ಲಿದ್ದದ್ದು ಪಟ್ಟಿಯಲ್ಲ, ಯಂತ್ರ. ‘ಮಾಟ್’ ಎಂಬ ಪದದಲ್ಲಿ ಮಾತ್ರ ಹೆಚ್ಚಿನವರು ಎಡವಿದರು. ಕೊನೆಯಲ್ಲಿ ಟ್ ಇದ್ದದ್ದರಿಂದ ಬಾಲ ಆಗಲೇ ಅಂಟಿದೆ ಎಂದು ಅನಿಸಿರಬೇಕು.

ಈ ಯಂತ್ರಕ್ಕೆ ಹಸಿವು ಜಾಸ್ತಿ. 2007ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಹಳೆಯ ಇಂಗ್ಲಿಷಿನ 177 ಅಡ್ಡಾದಿಡ್ಡಿ ಕ್ರಿಯಾಪದಗಳ, ಎಂದರೆ ಈ ಬಾಲ ಅಂಟದವುಗಳ, ಜಾಡು ಹಿಡಿದರು. ನಡುಗಾಲದ ಹೊತ್ತಿಗೆ 145 ಹಾಗೇ ಉಳಿದಿದ್ದವು. ಇಂದು ಉಳಿದಿರುವುದು 98. ಮಿಕ್ಕವು ಬಾಲದ ಪಾಲಾದವು. ‘ಹೆಲ್ಪ್’ಗೆ ಹಿಂದೆ ‘ಹೋಲ್ಪ್’ ಇತ್ತು, ಈಗ ಹೆಲ್ಪ್ಟ್. ಬಳಕೆ 100 ಪಟ್ಟು ಕಡಿಮೆ ಇರುವ ಪದ 10 ಪಟ್ಟು ಬೇಗ ಸೋಲುತ್ತದೆ ಎಂಬುದು ಅವರ ಲೆಕ್ಕ. ‘ಗೋ’ಗೆ ‘ವೆಂಟ್’ ಉಳಿದದ್ದು ದಿನವೂ ಬಾಯಲ್ಲಿ ಆಡುತ್ತಿರುವುದರಿಂದ.

ಇನ್ನು ಅರ್ಥ. ಆಜ್ಞೆಗೆ ಬರೀ ‘ವಾಕ್’ ಸಾಕು, ಬಾಲ ಬೇಡ. ಆದರೆ ‘ಇಫ್ ಐ ವಾಕ್ಡ್ ಟುಮಾರೋ’ ಎನ್ನುವಾಗ ಬಾಲ ಇದೆ, ನಿನ್ನೆ ಇಲ್ಲ! ಹಾಗಾಗಿ ಅದನ್ನು ಭೂತಕಾಲದ ಗುರುತು ಎನ್ನುವುದಕ್ಕಿಂತ ದೂರದ ಗುರುತು ಎನ್ನುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. ಕೆಲವೊಮ್ಮೆ ಕಾಲದಲ್ಲಿ ದೂರ, ಕೆಲವೊಮ್ಮೆ ನಿಜದಿಂದ ದೂರ. ವಿಚಿತ್ರ ಅನಿಸಿತೇ? ‘ನಾಳೆ ಮಳೆ ಬಂದರೆ’ ಎಂದು ನಿಧಾನವಾಗಿ ಹೇಳಿ ನೋಡಿ. ಇನ್ನೂ ಬಾರದ ಆ ಮಳೆಗೆ ನಾವು ‘ಬಂದ’ ಎಂಬ ಭೂತಕಾಲದ ರೂಪವನ್ನೇ ಜೋಡಿಸಿದ್ದೇವೆ.