ಕರುಳಿನ ಆಪರೇಷನ್ ಆಯ್ತು, ರೊಟ್ಟಿ ಯಾವಾಗ?

ಪ್ರಶ್ನೆ: ಅಪ್ಪಾಜಿಗೆ ದೊಡ್ಡ ಕರುಳಿನ ಆಪರೇಷನ್ ಆಗಿ ನಾಲ್ಕು ವಾರ ಆತ್ರಿ. ಗಂಜಿ ಸಾಕಾಗೇದ, ರೊಟ್ಟಿ ಕೊಡು ಅಂತ ಹಟ ಮಾಡ್ತಾರ. ಕೊಡಬಹುದೇನ್ರಿ? ಬ್ಯಾಳಿ, ಮೊಸರು ಮಾತ್ರ ಕೊಟ್ಟಿಲ್ಲ, ಹೊಲಿಗೆಗೆ ನಂಜಂತ. (ಇಂಡಿ ತಾಲ್ಲೂಕಿನ ಓದುಗರು)

ರೊಟ್ಟಿ ವಿಷಯ ಬೇಗ ಮುಗಿಸುತ್ತೇನೆ. ಮೊದಲ ನಾಲ್ಕರಿಂದ ಆರು ವಾರ ನಾರು ಕಡಿಮೆ ಇರುವ ಮೆತ್ತನೆ ಊಟ ಇರಲಿ ಅನ್ನುವುದು ಸಾಮಾನ್ಯ ಲೆಕ್ಕ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕಾರಣ ಅಷ್ಟೇ, ಜೋಳದ ಮೇಲೆ ಯಾರಿಗೂ ಸಿಟ್ಟಿಲ್ಲ. ಡಾಕ್ಟರ್ ಹೂಂ ಅಂದ ಮೇಲೆ ಹಂಚಿನಿಂದ ಆಗಷ್ಟೇ ಇಳಿಸಿದ ರೊಟ್ಟಿ ಅರ್ಧ ತಗೊಳ್ಳಿ. ಹಾಲಲ್ಲೋ ಸಾರಲ್ಲೋ ಮುರಿದು ನೆನೆಸಿ ಕೊಡಿ. ಹೊಟ್ಟೆ ಉಬ್ಬದಿದ್ದರೆ ಎರಡು ಮೂರು ದಿನ ಬಿಟ್ಟು ಒಂದು. ಖಡಕ್ ರೊಟ್ಟಿ, ಹಸಿ ಮೂಲಂಗಿ, ಶೇಂಗಾ ಎಲ್ಲ ಆಮೇಲೆ. ಹೊಟ್ಟೆನೋವಿನ ಜೊತೆ ವಾಂತಿ ಆಗಿ ಗಾಳಿಯೂ ಹೋಗದಿದ್ದರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಈಗ ನಿಮ್ಮ ಕೊನೆಯ ಸಾಲಿಗೆ ಬರೋಣ. ಬೇಳೆ ನಂಜು, ಮೊಸರು ನಂಜು, ಮೊಟ್ಟೆಯಂತೂ ಕೇಳಲೇಬೇಡಿ! ವಿಜಯಪುರದ ಯಾವ ವಾರ್ಡಿಗೆ ಹೋದರೂ ಇದೇ ಮಾತು. ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಒಬ್ಬರ ಡಬ್ಬಿ ತೆರೆದರೆ ಕಟ್ಟಿನ ಸಾರು ಘಮಘಮ ಅನ್ನುತ್ತಿತ್ತು. ಬೇಳೆ ಎಲ್ಲಿ ಅಂದರೆ, ಮನೆಯಲ್ಲಿ ಹೋಳಿಗೆ ಮಾಡಿದ್ದಾರಂತೆ. ಬೇಳೆ ಹೂರಣಕ್ಕೆ ಹೋಯಿತು, ಕಟ್ಟು ಪೇಷಂಟಿಗೆ ಬಂತು. ಪ್ರೋಟೀನ್ ಬಹುಪಾಲು ಹೋಳಿಗೆ ತಿಂದವರ ಹೊಟ್ಟೆ ಸೇರಿತ್ತು.

ಕೀವು ಆಗುವುದು ಬ್ಯಾಕ್ಟೀರಿಯಾದಿಂದ. ತಿಂದ ಬೇಳೆ ಕರುಳಿನಲ್ಲಿ ಜೀರ್ಣವಾಗಿ ರಕ್ತ ಸೇರುತ್ತದೆ, ಬೇಳೆಯಾಗಿ ಹೊಲಿಗೆಗೆ ಹೋಗುವುದಿಲ್ಲ. ಹಾಗಾದರೆ ಜನ ಕಣ್ಣಾರೆ ಕಂಡದ್ದು ಸುಳ್ಳಾ? ಅಲ್ಲ. ಗಾಯಕ್ಕೆ ಸೋಂಕು ತಗುಲಿದರೆ ಅದು ಹೊರಗೆ ಕಾಣುವುದು ಸಾಮಾನ್ಯವಾಗಿ ಐದರಿಂದ ಹತ್ತನೇ ದಿನದೊಳಗೆ. ಪೇಷಂಟ್ ಅನ್ನ, ಬೇಳೆ ಶುರು ಮಾಡುವುದೂ ಸುಮಾರು ಆಗಲೇ. ಪಾಪ, ಸಿಕ್ಕಿಬೀಳುವುದು ಬೇಳೆ. ಹಿಡಿತ ತಪ್ಪಿದ ಶುಗರ್, ಬೀಡಿ, ರಕ್ತಹೀನತೆ, ತೊಳೆಯದ ಕೈಯಿಂದ ಡ್ರೆಸಿಂಗ್ ಮುಟ್ಟುವುದು, ಇವನ್ನು ಯಾರೂ ನಂಜು ಅನ್ನುವುದಿಲ್ಲ, ನೋಡಿ.

ಗಾಯ ಕೂಡಲು ಪ್ರೋಟೀನ್ ಬೇಕೇ ಬೇಕು. 60 ಕೆಜಿ ತೂಕದವರಿಗೆ ಈ ಸಮಯದಲ್ಲಿ ದಿನಕ್ಕೆ 70ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 30 ಗ್ರಾಂ ಬೇಳೆಯಲ್ಲಿ ಸುಮಾರು 7 ಗ್ರಾಂ ಸಿಗುತ್ತದೆ. ಬರೀ ಗಂಜಿಯಲ್ಲಿ ಈ ಲೆಕ್ಕ ಮುಟ್ಟುವುದು ಸಾಧ್ಯವೇ ಇಲ್ಲ. ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ ಕಡೆದು ಕೊಡಿ, ಜೊತೆಗೆ ಮೊಸರು. ಸಣ್ಣ ಕರುಳಿನ ಆಪರೇಷನ್ ಆದವರಲ್ಲಿ ಹಲವರಿಗೆ ಹಾಲಿಗಿಂತ ಮೊಸರೇ ಒಗ್ಗುತ್ತದೆ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಈ ಲೆಕ್ಕ ಬೇರೆ, ಡಾಕ್ಟರನ್ನು ಕೇಳಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತಂದು ಮಲ ಸೇರುವ ಚೀಲ ಹಾಕಿಸಿಕೊಂಡವರಿಗೆ ನಮ್ಮ ಏಪ್ರಿಲ್ ಬಿಸಿಲು ಬಹಳ ಕಷ್ಟ. ಚೀಲ ಬೇಗ ತುಂಬುತ್ತದೆ, ಮನೆಯವರು ಕೊಡಗಟ್ಟಲೆ ನೀರು ಕುಡಿಸುತ್ತಾರೆ. ಬರೀ ನೀರು ಜಾಸ್ತಿಯಾದರೆ ದೇಹದ ಉಪ್ಪು ಇನ್ನಷ್ಟು ಚೀಲಕ್ಕೇ ಹರಿಯುತ್ತದೆ. ಅವರಿಗೆ ಬೇಕಾದದ್ದು ಉಪ್ಪು, ಗ್ಲೂಕೋಸ್ ಬೆರೆತ ಪುಡಿ, ಅಂದರೆ ಓಆರ್‌ಎಸ್: ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ, ಅರ್ಧಂಬರ್ಧ ಸುರಿಯಬಾರದು. ಅಂಗಡಿಯ ಸಿಹಿ ಡಬ್ಬಿ ಪಾನೀಯ ಇದಕ್ಕೆ ಬದಲಿಯಲ್ಲ. ಅಂಥವುಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸಬಾರದು ಎಂದು 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) ಆದೇಶಿಸಿದೆ. ಹಳೇ ಸ್ಟಾಕ್ ಇರಬಹುದು, ಲೇಬಲ್ ಓದಿ ತಗೊಳ್ಳಿ. ಮೂತ್ರ ಕಡಿಮೆಯಾಗಿ ತಲೆ ಸುತ್ತಿದರೆ ಮನೆಯಲ್ಲೇ ಕುಡಿಸುತ್ತ ಕೂರಬೇಡಿ, ಅವತ್ತೇ ತೋರಿಸಿ.