ಹಠಕ್ಕೂ ಒಂದು ಲೆಕ್ಕ ಇದೆ

ಒಲೆಯ ಮೇಲೆ ಕಾವಲಿ ಕಾದಿದೆ. ನಾಲ್ಕು ವರ್ಷದ ಮಗ ಮೊಬೈಲ್ ಬೇಕೆಂದು ಅಮ್ಮನ ಸೆರಗು ಜಗ್ಗುತ್ತಿದ್ದಾನೆ. "ಈಗ ಬೇಡ ಕಂದ." ಅವನು ಅತ್ತ. "ಬೇಡ ಅಂದ್ನಲ್ಲ!" ಅವನು ನೆಲಕ್ಕೆ ಬಿದ್ದು ಹೊರಳಾಡಿದ, ಕೈಗೆ ಸಿಕ್ಕ ಡಬ್ಬಿ ಎಸೆದ. ನಡುಮನೆಯಿಂದ ಅಜ್ಜಿ, "ಕೊಟ್ಬಿಡಮ್ಮ, ಅಳಿಸಬೇಡ" ಎಂದರು. ಅಮ್ಮ ಕೊಟ್ಟಳು. ಮನೆ ತಣ್ಣಗಾಯಿತು.

ಈ ಐದು ನಿಮಿಷದಲ್ಲಿ ಇಬ್ಬರೂ ಒಂದೊಂದು ಪಾಠ ಕಲಿತರು. ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯಿತು. ಕೊಟ್ಟುಬಿಟ್ಟರೆ ಗಲಾಟೆ ನಿಲ್ಲುತ್ತದೆ ಎಂದು ಅಮ್ಮ ಕಲಿತಳು. ಅಮೆರಿಕದ ಒರೆಗಾನ್‌ನಲ್ಲಿ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್ ಅವರ ತಂಡ ಮನೆಗಳಿಗೇ ಹೋಗಿ ಕೂತು, ಇಂಥ ಜಗಳಗಳನ್ನು ಹಂತಹಂತವಾಗಿ ದಾಖಲಿಸಿತು. ದಿನಕ್ಕೆ ಹತ್ತು ಸಲ ಹೀಗಾದರೆ ಹಠ ಗಟ್ಟಿಯಾಗುತ್ತಲೇ ಹೋಗುತ್ತದೆ. ಇದರಲ್ಲಿ ಅಮ್ಮ ಕೆಟ್ಟವಳೂ ಅಲ್ಲ, ಮಗು ಕೆಟ್ಟದ್ದೂ ಅಲ್ಲ.

ಅದಕ್ಕೇ ಚಿಕ್ಕ ಮಕ್ಕಳ ನಡವಳಿಕೆಯ ತೊಂದರೆಗೆ ಮೊದಲು ಸಿಗಬೇಕಾದದ್ದು ಸಾಮಾನ್ಯವಾಗಿ ಮಾತ್ರೆಯಲ್ಲ, ಅಪ್ಪ ಅಮ್ಮನಿಗೆ ತರಬೇತಿ. ಮಗು ಎರಡು ನಿಮಿಷ ಸುಮ್ನೆ ಕೂತು ಆಡಿದಾಗ ಅದನ್ನು ಗಮನಿಸಿ ಹೊಗಳುವುದು. ಒಂದು ಸಲಕ್ಕೆ ಒಂದೇ ಮಾತು ಹೇಳುವುದು. ಬೇಡ ಅಂದ ಮೇಲೆ ಮನೆಯವರೆಲ್ಲ ಬೇಡ ಅನ್ನುವುದು. ಕೇಳೋಕೆ ಸುಲಭ, ಅಲ್ವಾ? ಆದರೆ ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಅಳು ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಎಷ್ಟೋ ಮನೆಯವರು ಅಲ್ಲೇ ಸೋತು ಕೈಬಿಡುತ್ತಾರೆ. ಆ ವಾರ ಪಕ್ಕದಲ್ಲಿ ತಿಳಿದವರೊಬ್ಬರು ಇರಬೇಕು.

ಎಲ್ಲವೂ ಹಠವಲ್ಲ, ಅದೂ ನೆನಪಿರಲಿ. ಕರೆದರೆ ತಿರುಗದ ಮಗುವಿಗೆ ಕಿವಿ ಕೇಳದೇ ಇರಬಹುದು. ಪಾಠದ ನಡುವೆ ಕೆಲವು ಸೆಕೆಂಡು ಸುಮ್ನೆ ಶೂನ್ಯ ನೋಡುವುದು ಮೂರ್ಛೆರೋಗದ ಒಂದು ಬಗೆಯಾಗಿರಬಹುದು. ಬೇರೆಯವರೊಡನೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಆಟಿಸಂ, ಗಮನ ನಿಲ್ಲದೆ ಚಡಪಡಿಸುವ ಎಡಿಎಚ್‌ಡಿ ಇರಬಹುದು. "ದೊಡ್ಡವನಾದರೆ ಸರಿಹೋಗ್ತಾನೆ" ಎಂದು ಕಾಯುವ ಬದಲು ಒಮ್ಮೆ ತೋರಿಸಿಬಿಡಿ.

ಎಲ್ಲಿ ತೋರಿಸೋದು? ನಿಮ್ಹಾನ್ಸ್‌ಗೇ ಓಡಬೇಕಿಲ್ಲ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. 18 ವರ್ಷದವರೆಗಿನ ಮಕ್ಕಳನ್ನು ಅವರು ನೋಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ಮಾಡಿ ನೋಡಿದ, ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಮಾದರಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಹೆಮ್ಮೆಯ ವಿಷಯ ಇದು. ಮಾತು, ಕಿವಿಯ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಹೋಗುವ ಮುಂಚೆ ಒಂದು ವಾರ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಮೂರು ಭಾಗ ಮಾಡಿ ಬರೆಯಿರಿ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು. "ತುಂಬಾ ಹಠ ಡಾಕ್ಟ್ರೇ" ಅನ್ನುವುದಕ್ಕಿಂತ "ಸಂಜೆ ಏಳಕ್ಕೆ, ಅಡುಗೆ ಹೊತ್ತಲ್ಲಿ, ವಾರಕ್ಕೆ ಐದು ದಿನ" ಅನ್ನುವುದು ಅವರಿಗೆ ಹೆಚ್ಚು ಹೇಳುತ್ತದೆ. ಶಾಲೆಯ ಟೀಚರ್ ಹತ್ತಿರವೂ ನಾಲ್ಕು ಸಾಲು ಬರೆಸಿಕೊಳ್ಳಿ.

ಮತ್ತೆ, ಅಮ್ಮ ಒಬ್ಬಳನ್ನೇ ಕಳಿಸಬೇಡಿ. ಅಪ್ಪ ಹೋಗಲಿ. ಆಗುವುದಾದರೆ ಅಜ್ಜಿಯೂ ಹೋಗಲಿ. "ಕೊಟ್ಬಿಡಮ್ಮ" ಅಂದವರು ಅವರೇ ತಾನೇ. ಏನು ಮಾಡಬೇಕೆಂದು ಅವರಿಗೂ ಯಾರಾದರೂ ಪ್ರೀತಿಯಿಂದ ಕೂರಿಸಿ ಹೇಳಬೇಕಲ್ಲ.