ಹೊಸ ಪರದೆ, ಹಳೇ ಕೈ

ದಿನಾ ಬಳಸುವ ಕಂಪ್ಯೂಟರಿನ ಪರದೆ ಒಂದು ಅಪ್‌ಡೇಟ್ ಆದಮೇಲೆ ಗುರುತೇ ಸಿಗದ ಹಾಗೆ ಬದಲಾದಾಗ ಎರಡು ಮಾತು ಕೇಳಿಬರುತ್ತವೆ. ಮಾಡಿದವರು, "ಸ್ವಲ್ಪ ದಿನ ಬಳಸಿ, ಅಭ್ಯಾಸ ಆಗುತ್ತೆ" ಅನ್ನುತ್ತಾರೆ. ಬಳಸುವವರು, "ನಮಗೆ ವಯಸ್ಸಾಯ್ತು, ಇದೆಲ್ಲ ತಲೆಗೆ ಹತ್ತಲ್ಲ" ಅಂತ ಕೈಚೆಲ್ಲುತ್ತಾರೆ. ಮೊದಲನೆಯದು ಅರ್ಧ ನಿಜ. ಎರಡನೆಯದು ಪೂರಾ ತಪ್ಪು, ಮತ್ತು ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಪ್ಪತ್ತು ವರ್ಷ ಕಂಪ್ಯೂಟರಿನಲ್ಲೇ ಲೆಕ್ಕಪತ್ರ ಬರೆದವರ ತಲೆ ಒಂದು ಅಪ್‌ಡೇಟಿಗೆ ಮಂಕಾಗುವುದಿಲ್ಲ. ಪರದಾಡುತ್ತಿರುವುದು ಅವರ ಕೈ. ಆ ಪರದಾಟಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಒಂದು ಹೋಗುವಂಥದ್ದು, ಇನ್ನೊಂದು ಹೋಗದೇ ಇರುವಂಥದ್ದು.

ಇದಕ್ಕೆ ವಿಂಡೋಸ್ 8ರಷ್ಟು ಒಳ್ಳೆ ಉದಾಹರಣೆ ಇನ್ನೊಂದಿಲ್ಲ. 2010ರಲ್ಲಿ ಐಪ್ಯಾಡ್ ಬಂದಿತ್ತು. ಇನ್ನು ಮುಂದೆ ಎಲ್ಲವೂ ಬೆರಳಲ್ಲೇ ಅನ್ನೋ ಗಾಳಿ ಬೀಸುತ್ತಿತ್ತು. ಟ್ಯಾಬ್ಲೆಟ್‌ಗೂ ಮೇಜಿನ ಮೇಲಿನ ಕಂಪ್ಯೂಟರಿಗೂ ಒಂದೇ ಮುಖ ಇರಲಿ ಅಂತ ಮೈಕ್ರೋಸಾಫ್ಟ್ ತೀರ್ಮಾನಿಸಿತು. 2012ರ ಅಕ್ಟೋಬರ್ 26ರಂದು ವಿಂಡೋಸ್ 8 ಹೊರಬಂತು. 1995ರಿಂದ ಎಡಗಡೆ ಕೆಳಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ ಹೋಯಿತು. ಅದರ ಜಾಗಕ್ಕೆ ಇಡೀ ಪರದೆ ತುಂಬುವ ಬಣ್ಣಬಣ್ಣದ ಟೈಲ್‌ಗಳು ಬಂದವು.

ಅದರಲ್ಲಿ ಒಂದು ಪಿಡಿಎಫ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಏನಾಗುತ್ತಿತ್ತು ನೋಡಿ. ಕಡತ ಪರದೆ ಪೂರ್ತಿ ಹರಡಿಕೊಂಡು ತೆರೆಯುತ್ತಿತ್ತು. ಕೆಳಗಿನ ಟಾಸ್ಕ್‌ಬಾರ್ ಇಲ್ಲ, ಗಡಿಯಾರ ಇಲ್ಲ, ಬಲಗಡೆ ಮೇಲೆ ಮುಚ್ಚುವ ಗುರುತೂ ಇಲ್ಲ. ಮುಚ್ಚಬೇಕಾದರೆ ಮೌಸ್ ಬಾಣವನ್ನು ಪರದೆಯ ಮೇಲಂಚಿಗೆ ಒಯ್ಯಬೇಕು. ಬಾಣ ಪುಟ್ಟ ಕೈಯಾಗಿ ಬದಲಾಗುತ್ತದೆ. ಆಗ ಬಟನ್ ಒತ್ತಿ ಹಿಡಿದು, ಇಡೀ ಪುಟವನ್ನು ಕೆಳಗಿನ ಅಂಚಿನವರೆಗೂ ಎಳೆದು ಬಿಡಬೇಕು. ಹೀಗೆ ಅಂತ ಪರದೆಯ ಮೇಲೆ ಎಲ್ಲೂ ಬರೆದಿರಲಿಲ್ಲ. ಕಂಪ್ಯೂಟರ್ ಆಫ್ ಮಾಡುವುದೂ ಹೀಗೇ. ಬಲಮೂಲೆಗೆ ಬಾಣ ಒಯ್ದರೆ ಚಾರ್ಮ್ಸ್ ಅನ್ನೋ ಪಟ್ಟಿ ಹೊರಗೆ ಸರಿಯುತ್ತಿತ್ತು. ಅದರಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಪವರ್, ಅದರೊಳಗೆ ಶಟ್‌ಡೌನ್.

ಇದೇ ಕೆಲಸವನ್ನು ಟ್ಯಾಬ್ಲೆಟ್‌ನಲ್ಲಿ ಮಾಡಿ ನೋಡಿದರೆ ಸೊಗಸಾಗಿದೆ. ಎರಡೂ ಕೈಯಲ್ಲಿ ಹಿಡಿದಾಗ ಹೆಬ್ಬೆರಳು ಹೇಗೂ ಬಲ ಅಂಚಿನ ಹತ್ತಿರವೇ ಇರುತ್ತದೆ. ಒಳಕ್ಕೆ ಸವರಿದರೆ ಪಟ್ಟಿ ಬಂತು. ವಿನ್ಯಾಸ ಮಾಡಿದವರು ದಡ್ಡರಲ್ಲ. ಬೆರಳಿಗೆ ಹೊಂದುವಂತೆ ಮಾಡಿದ್ದನ್ನು ಮೌಸಿಗೂ ಕೊಟ್ಟರು, ಅಷ್ಟೇ. ಆ "ಅಷ್ಟೇ" ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಪಾಲ್ ಫಿಟ್ಸ್ ಹತ್ತಿರ ಹೋಗಬೇಕು.

ಫಿಟ್ಸ್ ಅಮೆರಿಕದ ಮನಶ್ಶಾಸ್ತ್ರಜ್ಞ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ವಾಯುಪಡೆಗೆ ಕೆಲಸ ಮಾಡಿದವರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ರಿಚರ್ಡ್ ಜೋನ್ಸ್ ಜೊತೆ ಸೇರಿ ಪೈಲಟ್‌ಗಳ 460 ತಪ್ಪುಗಳನ್ನು ಕೂತು ವಿಂಗಡಿಸಿದರು. ಒಂದು ಹಿಡಿ (ಲಿವರ್) ಎಳೆಯುವ ಬದಲು ಇನ್ನೊಂದನ್ನು ಎಳೆದದ್ದೇ ಅದರಲ್ಲಿ ದೊಡ್ಡ ಪಾಲು. ಕಾರಣ ವಿಮಾನದಲ್ಲೇ ಇತ್ತು. ಎಂಜಿನ್ನಿಗೆ ಸಂಬಂಧಿಸಿದ ಮೂರು ಹಿಡಿಗಳು ಅಕ್ಕಪಕ್ಕ ಇರುತ್ತಿದ್ದವು: ಥ್ರಾಟಲ್, ಪ್ರೊಪೆಲ್ಲರ್, ಇಂಧನ ಮಿಶ್ರಣ. ಬಿ-25 ವಿಮಾನದಲ್ಲಿ ಅವುಗಳ ಸಾಲು ಒಂದು ಥರ, ಸಿ-47ರಲ್ಲಿ ಇನ್ನೊಂದು ಥರ, ಸಿ-82ರಲ್ಲಿ ಮತ್ತೊಂದು ಥರ. ಒಂದರಲ್ಲಿ ನೂರಾರು ಗಂಟೆ ಹಾರಿಸಿದವರು ಇನ್ನೊಂದನ್ನು ಹತ್ತಿದರೆ, ಕೈ ಹಳೇ ಜಾಗಕ್ಕೇ ಹೋಗುತ್ತಿತ್ತು. ಅದೂ ಇಳಿಯುವಾಗ, ಮೇಲೇರುವಾಗ, ಅಂದರೆ ಯೋಚನೆಗೆ ಪುರುಸೊತ್ತೇ ಇಲ್ಲದಾಗ. "ಪೈಲಟ್ ತಪ್ಪು" ಅಂತ ಕಡತದಲ್ಲಿ ಬರೆದು ಮುಚ್ಚಿಬಿಡುವುದನ್ನು ಫಿಟ್ಸ್ ಒಪ್ಪಲಿಲ್ಲ. ತಪ್ಪು ಹಿಡಿಗಳನ್ನು ಜೋಡಿಸಿದ ರೀತಿಯಲ್ಲಿದೆ ಅಂದರು. ಬಳಸುವವರನ್ನು ಬೈಯುವ ಮೊದಲು ಈ ಮಾತನ್ನು ಒಮ್ಮೆ ನೆನೆಯಬೇಕು ಅಂತ ನನ್ನ ಆಸೆ.

ಅಭ್ಯಾಸವಾದ ಕೆಲಸವನ್ನು ಮಿದುಳು ಬೇರೆ ಕಡೆ ಇಟ್ಟಿರುತ್ತದೆ. ಇದು ಬರೀ ಮಾತಿಗೆ ಹೇಳುವುದಲ್ಲ. ಶಸ್ತ್ರಚಿಕಿತ್ಸೆಯಿಂದಾಗಿ ಹೊಸ ನೆನಪನ್ನು ಉಳಿಸಿಕೊಳ್ಳುವ ಶಕ್ತಿ ಕಳೆದುಕೊಂಡಿದ್ದ ಹೆನ್ರಿ ಮೊಲೈಸನ್ ಎಂಬ ರೋಗಿಗೆ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಒಂದು ಕೆಲಸ ಕೊಟ್ಟಿದ್ದರು. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವುದು. ಮೂರು ದಿನದಲ್ಲಿ ಆತನ ಕೈ ಅದನ್ನು ಚೆನ್ನಾಗಿ ಕಲಿತಿತು. ಆದರೆ ಪ್ರತಿ ಸಲವೂ ಆತನಿಗೆ ಅದು ಎಂದೂ ಮಾಡದ ಹೊಸ ಕೆಲಸ. ಮಿಲ್ನರ್ ಇದನ್ನು ಪ್ರಕಟಿಸಿದ್ದು 1962ರಲ್ಲಿ. ಕೈ ಕಲಿಯುವುದು, ನಾವು ನೆನಪಿಟ್ಟುಕೊಳ್ಳುವುದು ಎರಡೂ ಬೇರೆ ಬೇರೆ ಅಂತ ಅದು ತೋರಿಸಿತು. ಸ್ಟಾರ್ಟ್ ಬಟನ್ ಆ ಮೂಲೆಯಲ್ಲಿಲ್ಲ ಅಂತ ನಿಮಗೆ ಗೊತ್ತಿದ್ದರೂ ಕೈ ಮಾತ್ರ ಅಲ್ಲಿಗೇ ಓಡುವುದು ಇದಕ್ಕೇ. ಅಡುಗೆಮನೆಯ ಡಬ್ಬಿಗಳನ್ನು ಯಾರಾದರೂ ಅದಲುಬದಲು ಮಾಡಿಟ್ಟರೆ ಒದ್ದಾಡುವವರು ದಿನಾ ಅಡುಗೆ ಮಾಡುವವರೇ, ನೆಂಟರಲ್ಲ ಅಲ್ವಾ? ನೆಂಟರು ಹೇಗಿದ್ದರೂ ಹುಡುಕಬೇಕಿತ್ತು. ಹೊಸ ಪರದೆ ಬಂದಾಗ ಹೆಚ್ಚು ಎಡವುವವರು ಹಳೆಯದನ್ನು ಚೆನ್ನಾಗಿ ಕಲಿತವರು. ವಯಸ್ಸಾದವರು ಜಾಸ್ತಿ ಒದ್ದಾಡುವಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಅವರ ಕೈಗೆ ಹೆಚ್ಚು ವರ್ಷಗಳ ಅಭ್ಯಾಸ ಇದೆ.

ಈ ಭಾಗ ಹೋಗುವಂಥದ್ದು. ದಿನಾ ಬಳಸಿದರೆ ಕೈ ಹೊಸ ಜಾಗ ಕಲಿಯುತ್ತದೆ. ಹೊಸ ಜಾಗ ಪದೇ ಪದೇ ಬದಲಾಗಬಾರದು, ಅಷ್ಟೇ.

ಹೋಗದೇ ಇರುವ ಭಾಗ ಫಿಟ್ಸ್ ಅವರ ಎರಡನೇ ಕೆಲಸದಲ್ಲಿದೆ. ನನಗೆ ಬಲು ಇಷ್ಟವಾದದ್ದು ಇದು. 1954ರಲ್ಲಿ ಅವರು ಮಾಡಿದ ಪ್ರಯೋಗ ತೀರಾ ಸರಳ. ಮೇಜಿನ ಮೇಲೆ ಎರಡು ಲೋಹದ ತಗಡು, ಕೈಯಲ್ಲಿ ಒಂದು ಕಡ್ಡಿ. ಆ ತಗಡು, ಈ ತಗಡು ಅಂತ ಆದಷ್ಟು ಬೇಗ ಕುಟ್ಟುತ್ತಾ ಹೋಗಬೇಕು. ತಗಡಿನ ಅಗಲ ಬದಲಿಸಿದರು, ನಡುವಿನ ದೂರ ಬದಲಿಸಿದರು, ಹೊತ್ತು ಅಳೆದರು. ಅದರಿಂದ ಹೊರಬಂದ ಲೆಕ್ಕ ಇಷ್ಟು: ದೂರವನ್ನು ಎರಡರಿಂದ ಗುಣಿಸಿ, ಗುರಿಯ ಅಗಲದಿಂದ ಭಾಗಿಸಿ. ಬಂದ ಸಂಖ್ಯೆ ಸಿಗಬೇಕಾದರೆ ಎಷ್ಟು 2ಗಳನ್ನು ಒಂದಕ್ಕೊಂದು ಗುಣಿಸಬೇಕು ನೋಡಿ. ಅದು ಕಷ್ಟದ ಅಳತೆ. ಕೈಗೆ ಬೇಕಾದ ಹೊತ್ತು ಆ ಕಷ್ಟದ ಜೊತೆ ನೇರವಾಗಿ ಏರುತ್ತದೆ.

ಒಂದು ಲೆಕ್ಕ ಮಾಡೋಣ. ಬಟನ್ 4 ಮಿಲಿಮೀಟರ್ ಅಗಲ, 128 ಮಿಲಿಮೀಟರ್ ದೂರದಲ್ಲಿದೆ. 256ನ್ನು 4ರಿಂದ ಭಾಗಿಸಿದರೆ 64. ಆರು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 64, ಹಾಗಾಗಿ ಕಷ್ಟ 6. ಬಟನ್ನಿನ ಅಗಲವನ್ನು 8 ಮಿಲಿಮೀಟರ್ ಮಾಡಿ. ಕಷ್ಟ 5ಕ್ಕೆ ಇಳಿಯಿತು. ಬೆರಳಿಗಾಗಿ ಎಲ್ಲವನ್ನೂ ದೊಡ್ಡದು ಮಾಡಿದಾಗ ಮೌಸಿಗೂ ಒಳ್ಳೆಯದೇ ಆಯಿತು ಅಂತ ಅನ್ನಿಸುವುದು ಇಲ್ಲೇ. ಆದರೆ ಬಟನ್‌ಗಳೆಲ್ಲ ದೊಡ್ಡದಾದರೆ ಅವುಗಳ ನಡುವಿನ ದೂರವೂ ದೊಡ್ಡದಾಗುತ್ತದೆ. ಅಗಲ 8, ದೂರ 256. ಲೆಕ್ಕ ಹಾಕಿ: 512 ಭಾಗಿಸು 8, ಮತ್ತೆ 64. ಕಷ್ಟ ಮತ್ತೆ 6. ಒಂದಿಷ್ಟೂ ಲಾಭವಿಲ್ಲ! ನಷ್ಟ ಮಾತ್ರ ಇದೆ. ಉದ್ದ, ಅಗಲ ಎರಡೂ ದುಪ್ಪಟ್ಟಾದರೆ ಅದೇ ಪರದೆಯಲ್ಲಿ ಹಿಡಿಸುವುದು ಕಾಲು ಭಾಗ. ಮುಂಚೆ ನಲವತ್ತು ಕಡತಗಳ ಹೆಸರು ಒಟ್ಟಿಗೆ ಕಾಣುತ್ತಿದ್ದ ಜಾಗದಲ್ಲಿ ಈಗ ಹತ್ತು. ಉಳಿದದ್ದಕ್ಕೆ ಉರುಳಿಸುತ್ತಾ ಹೋಗಬೇಕು. ಈ ನಷ್ಟ ಎಷ್ಟು ದಿನ ಅಭ್ಯಾಸ ಮಾಡಿದರೂ ಹೋಗುವುದಿಲ್ಲ. ಇದು ರೇಖಾಗಣಿತ.

1978ರಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಸ್ಟುವರ್ಟ್ ಕಾರ್ಡ್, ಬಿಲ್ ಇಂಗ್ಲಿಷ್, ಬೆಟ್ಟಿ ಬರ್ ಮೂವರೂ ಮೌಸನ್ನು ಇದೇ ಲೆಕ್ಕಕ್ಕೆ ಹಚ್ಚಿ ನೋಡಿದರು. ಮೌಸ್ ಫಿಟ್ಸ್ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತು. ಮೌಸ್ ಹಿಡಿದ ಕೈಯ ವೇಗ ಬರಿಗೈಯ ವೇಗಕ್ಕೆ ಹತ್ತಿರವೇ ಇತ್ತು. ಇದರಲ್ಲಿ ಬಿಲ್ ಇಂಗ್ಲಿಷ್ ಅಂದರೆ, ಡಗ್ಲಸ್ ಎಂಗೆಲ್ಬಾರ್ಟ್ ಅವರ ಕಲ್ಪನೆಯ ಮೊದಲ ಮೌಸನ್ನು 1960ರ ದಶಕದಲ್ಲಿ ಕೈಯಾರೆ ಮಾಡಿದವರು. ಟಚ್ ಹೊಸದು, ಮೌಸ್ ಹಳೆಯದು ಅಂತ ತಿಳಿದವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಎರಡೂ ಒಂದೇ ಕಾಲದವು. ವಿಮಾನ ಸಂಚಾರ ನಿಯಂತ್ರಣಕ್ಕಾಗಿ ಬೆರಳಿನಿಂದ ಮುಟ್ಟುವ ಪರದೆಯನ್ನು ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಇ. ಎ. ಜಾನ್ಸನ್ 1965ರಲ್ಲೇ ವಿವರಿಸಿದ್ದರು. ಟಚ್ ಪರದೆಯ ಮೇಜಿನ ಕಂಪ್ಯೂಟರನ್ನು ಎಚ್‌ಪಿ 1983ರಲ್ಲೇ ಮಾರಾಟಕ್ಕಿಟ್ಟಿತ್ತು.

ಫಿಟ್ಸ್ ಲೆಕ್ಕದಲ್ಲಿ ಮೂಲೆಗೆ ವಿಶೇಷ ಸ್ಥಾನ ಇದೆ. ಮೌಸ್ ಬಾಣ ಪರದೆಯ ಅಂಚಿನಲ್ಲಿ ನಿಂತುಬಿಡುತ್ತದೆ. ಆದ್ದರಿಂದ ಮೂಲೆಯಲ್ಲಿರುವ ಗುರಿಗೆ ಅಳತೆಯೇ ಬೇಡ. ಸುಮ್ನೆ ಮೌಸನ್ನು ಆ ಕಡೆ ಜೋರಾಗಿ ತಳ್ಳಿದರೆ ಸಾಕು, ಬಾಣ ಅಲ್ಲಿಗೇ ಬಂದು ನಿಲ್ಲುತ್ತದೆ. ವಿಂಡೋಸ್ 8ರಲ್ಲೂ ಸ್ಟಾರ್ಟ್ ಬಟನ್ ಇದ್ದ ಆ ಮೂಲೆ ಕೆಲಸ ಮಾಡುತ್ತಿತ್ತು, ಆದರೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. 2013ರ ಅಕ್ಟೋಬರಿನಲ್ಲಿ 8.1 ಬಂದಾಗ ಬಟನ್ ವಾಪಸ್ ಬಂತು. 2014ರ ಏಪ್ರಿಲ್‌ನಲ್ಲಿ ಪರದೆ ತುಂಬುವ ಆ್ಯಪ್‌ಗಳಿಗೂ ಮುಚ್ಚುವ ಗುರುತು ಬಂತು. 2015ರ ವಿಂಡೋಸ್ 10ರಲ್ಲಿ ಆ ಬಟನ್ ಒತ್ತಿದರೆ ತೆರೆಯುವ ಸ್ಟಾರ್ಟ್ ಮೆನುವೇ ಮರಳಿತು. ಆಮೇಲೆ 2021ರ ವಿಂಡೋಸ್ 11 ಅದೇ ಬಟನ್ನನ್ನು ಟಾಸ್ಕ್‌ಬಾರಿನ ನಡುವಿಗೆ ತಂದಿತು. ಮೂಲೆಯ ಲಾಭ ಹೋಯಿತು. ಅದಕ್ಕಿಂತ ಕೆಟ್ಟದ್ದು ಅಂದರೆ, ಆ್ಯಪ್‌ಗಳು ತೆರೆದಂತೆಲ್ಲ ಬಟನ್ ಎಡಕ್ಕೆ ಸರಿಯುತ್ತಾ ಹೋಗುತ್ತದೆ. ಕೈಗೆ ಕಲಿಯಲು ಒಂದು ಜಾಗವೇ ಸಿಗುವುದಿಲ್ಲ. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಎಡಕ್ಕೆ ಹಾಕಿಕೊಳ್ಳಬಹುದು. ದಯವಿಟ್ಟು ಹಾಕಿಕೊಳ್ಳಿ.

ಹಾಗಾದರೆ ಬೆರಳಿಗೆ ಯಾಕೆ ಅಷ್ಟು ದೊಡ್ಡ ಬಟನ್ ಬೇಕು? ಬೆರಳು ದಪ್ಪ ಅನ್ನುವುದು ಉತ್ತರದ ಒಂದು ಪಾಲು ಮಾತ್ರ. ಸಂಶೋಧಕರಾದ ಕ್ರಿಶ್ಚಿಯನ್ ಹೋಲ್ಟ್ಸ್ ಮತ್ತು ಪ್ಯಾಟ್ರಿಕ್ ಬೌಡಿಶ್ 2011ರಲ್ಲಿ ತೋರಿಸಿದ್ದು ಬಹಳ ಚೆನ್ನಾಗಿದೆ. ನಾವು ಗುರಿ ಇಡುವುದು ಬೆರಳಿನ ಮೇಲ್ಭಾಗ ನೋಡಿಕೊಂಡು, ಉಗುರಿನ ಅಂದಾಜಿನಲ್ಲಿ. ಪರದೆಗೆ ತಗಲುವುದು ಬೆರಳಿನ ತಳಭಾಗ, ಅದು ನಮಗೆ ಕಾಣುವುದೇ ಇಲ್ಲ. ಎರಡಕ್ಕೂ ನಡುವೆ ಕೆಲವು ಮಿಲಿಮೀಟರ್ ವ್ಯತ್ಯಾಸ ಬೀಳುತ್ತದೆ. ಆಂಡ್ರಾಯ್ಡ್ ಆ್ಯಪ್ ಮಾಡುವವರಿಗೆ ಗೂಗಲ್ ಹೇಳುವ ಗುರಿಯ ಅಳತೆ ಸುಮಾರು 9 ಮಿಲಿಮೀಟರ್ ಇರುವುದು ಇಂಥ ತಪ್ಪನ್ನು ನುಂಗಿಕೊಳ್ಳಲಿ ಅಂತ. ಮೌಸ್ ಬಾಣಕ್ಕೆ ಈ ತೊಂದರೆ ಇಲ್ಲ. ಅದರ ತುದಿ ಒಂದೇ ಒಂದು ಚುಕ್ಕಿ, ಕಣ್ಣೆದುರಿಗೇ ಇರುತ್ತದೆ.

ಇನ್ನೊಂದು ವ್ಯತ್ಯಾಸವನ್ನು ಸಂಶೋಧಕ ಬಿಲ್ ಬಕ್ಸ್‌ಟನ್ 1990ರಲ್ಲಿ ಬಿಡಿಸಿ ಹೇಳಿದರು. ಮೌಸ್ ಒತ್ತದೆಯೂ ಒಂದು ವಸ್ತುವಿನ ಮೇಲೆ ನಿಲ್ಲಬಹುದು. "ನಾನು ಇದರ ಮೇಲೆ ಇದ್ದೇನೆ, ಇನ್ನೂ ಒತ್ತಿಲ್ಲ" ಅನ್ನೋ ಸ್ಥಿತಿ ಅದು. ಮಾಮೂಲಿ ಟಚ್ ಪರದೆಗೆ ಅದು ಗೊತ್ತಿಲ್ಲ. ಬೆರಳು ಮುಟ್ಟಿದೆ, ಇಲ್ಲವೇ ಮುಟ್ಟಿಲ್ಲ. ಒಂದು ಚಿಹ್ನೆಯ ಮೇಲೆ ಬಾಣ ನಿಲ್ಲಿಸಿ, ಅರೆಕ್ಷಣ ಕಾದು, ಹಳದಿ ಚೌಕದಲ್ಲಿ ಅದರ ಹೆಸರು ಓದಿ, ಬೇಡ ಅನ್ನಿಸಿದರೆ ಮುಂದಕ್ಕೆ ಹೋಗುವುದು ಎಷ್ಟೋ ಜನ ಕಂಪ್ಯೂಟರ್ ಕಲಿತ ದಾರಿ. ಟಚ್‌ಗೆಂದೇ ಮಾಡಿದ ಪರದೆಗಳಲ್ಲಿ ಆ ದಾರಿ ಮುಚ್ಚಿಹೋಗುತ್ತದೆ. ಒತ್ತಿ ನೋಡದೆ ಏನೂ ತಿಳಿಯುವುದಿಲ್ಲ. ಕಡತ ಅಳಿಸಿಹೋದೀತು ಅಂತ ಹೆದರುವವರಿಗೆ ಇದು ದೊಡ್ಡ ಅಡ್ಡಿ.

ನೆಟ್ಟಗೆ ನಿಂತ ಪರದೆಯನ್ನು ಮುಟ್ಟುವ ತೋಳಿನ ಗತಿ ಏನು? ಒಂದು ತೋಳಿನ ತೂಕ ದೇಹದ ತೂಕದ ಸುಮಾರು 5 ಪ್ರತಿಶತ. ಅರವತ್ತು ಕಿಲೋ ಇರುವವರಿಗೆ ಮೂರು ಕಿಲೋ. ಅದನ್ನು ಮುಂದೆ ಚಾಚಿ ಹಿಡಿದರೆ ತೂಕವೆಲ್ಲ ಭುಜದಿಂದ ದೂರಕ್ಕೆ ಬೀಳುತ್ತದೆ, ಎತ್ತಿ ಹಿಡಿಯುವ ಸ್ನಾಯು ಮಾತ್ರ ಭುಜದ ಹತ್ತಿರವೇ ಅಂಟಿಕೊಂಡಿದೆ. ಹಾಗಾಗಿ ಅದು ತೋಳಿನ ತೂಕದ ಹಲವು ಪಟ್ಟು ಬಲ ಹಾಕಬೇಕು. ಅಲುಗಾಡದೆ ಬಿಗಿಹಿಡಿದ ಸ್ನಾಯುವಿಗೆ ರಕ್ತವೂ ಸರಿಯಾಗಿ ಹರಿಯದು. ಗೊರಿಲ್ಲಾ ತೋಳು ಅಂತ ಇದಕ್ಕೆ ಹೆಸರೇ ಇದೆ. ಪರದೆ ನೆಟ್ಟಗೆ ನಿಂತಿದ್ದರೆ ಟಚ್ ಹೊಂದುವುದಿಲ್ಲ ಅಂತ ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ 2010ರಲ್ಲಿ ವೇದಿಕೆಯ ಮೇಲೇ ಹೇಳಿದ್ದು ಈ ಕಾರಣಕ್ಕೇ.

ಹಾಗಾಗಿ ಹೊಸ ಪರದೆ ಕಿರಿಕಿರಿ ಮಾಡಿದಾಗ ಅದು ಯಾವ ಬಗೆಯದು ಅಂತ ಮೊದಲು ವಿಂಗಡಿಸಿ. ಜಾಗ ಬದಲಾಗಿದ್ದರೆ ಕೈಗೆ ಕೆಲವು ವಾರ ಕೊಡಿ, ಹಳೆಯದಕ್ಕೂ ಹೊಸದಕ್ಕೂ ದಿನಾ ಓಡಾಡಬೇಡಿ. ಸಾಲುಗಳ ನಡುವೆ ಜಾಗ ಬಿಟ್ಟು ಪಟ್ಟಿ ಉದ್ದವಾಗಿದ್ದರೆ ಕಾಯಬೇಡಿ, ಸೆಟ್ಟಿಂಗ್ ಬದಲಿಸಿ. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಕಾಂಪ್ಯಾಕ್ಟ್ ವ್ಯೂ ಅಂತ ಇದೆ, ಹಾಕಿದರೆ ಸಾಲುಗಳು ಮತ್ತೆ ಹತ್ತಿರ ಬರುತ್ತವೆ. ಕೀಬೋರ್ಡನ್ನಂತೂ ಬಿಡಲೇಬೇಡಿ. ವಿಂಡೋಸ್ ಕೀ ಒತ್ತಿ ಪ್ರೋಗ್ರಾಂ ಹೆಸರಿನ ಮೊದಲ ಮೂರು ಅಕ್ಷರ ಹೊಡೆದರೆ ಅದು ಬರುವುದು ವಿಂಡೋಸ್ 8ರಲ್ಲೂ ಇತ್ತು. ಮುಚ್ಚುವ ಗುರುತೇ ಇಲ್ಲದ ಆ ಪಿಡಿಎಫ್ ಕೂಡ ಆಲ್ಟ್ ಮತ್ತು ಎಫ್4 ಒತ್ತಿದರೆ ಮುಚ್ಚುತ್ತಿತ್ತು.

ಈಚೆಗೆ ಗಾಳಿ ಎದುರು ದಿಕ್ಕಿಗೂ ಬೀಸಿದೆ. ಬೆರಳಿಗೆಂದೇ ಹುಟ್ಟಿದ ಐಪ್ಯಾಡಿಗೆ ಆಪಲ್ 2020ರ ಮಾರ್ಚ್‌ನಲ್ಲಿ ಮೌಸ್ ಬಳಸುವ ಅನುಕೂಲವನ್ನು ಸರಿಯಾಗಿ ಕೊಟ್ಟಿತು. ಬಾಣದ ಬದಲು ಆಗ ಇದ್ದದ್ದು ಬೆರಳ ತುದಿಯ ಹಾಗೆ ಒಂದು ಬೂದು ಬಣ್ಣದ ದುಂಡನೆ ಚುಕ್ಕಿ. ಬಟನ್ ಹತ್ತಿರ ಹೋದರೆ ಅದು ಬಟನ್ನಿನ ಆಕಾರವನ್ನೇ ತಾಳಿ ಅಂಟಿಕೊಳ್ಳುತ್ತಿತ್ತು, ಅಂದರೆ ಫಿಟ್ಸ್ ಲೆಕ್ಕದ ಅಗಲವನ್ನು ಹಿಗ್ಗಿಸುತ್ತಿತ್ತು. 2022ರ ಐಪ್ಯಾಡ್ ಪ್ರೋ ಬಕ್ಸ್‌ಟನ್ ಹೇಳಿದ, ಒತ್ತದೆ ಮೇಲೆ ನಿಲ್ಲುವ ಆ ಸ್ಥಿತಿಯನ್ನೂ ತಂದಿತು. ಆಪಲ್ ಪೆನ್ಸಿಲ್ ಅನ್ನೋ ಬರೆಯುವ ಕಡ್ಡಿ ಗಾಜಿನಿಂದ 12 ಮಿಲಿಮೀಟರ್ ಮೇಲಿದ್ದಾಗಲೇ, ಅದು ಎಲ್ಲಿ ತಗಲಲಿದೆ ಅಂತ ಪರದೆ ತೋರಿಸುತ್ತದೆ. ಆದರೆ ಅದು ಪೆನ್ಸಿಲಿಗೆ ಮಾತ್ರ. ಬೆರಳಿಗೆ ಆ ಸೌಲಭ್ಯ ಅದರಲ್ಲೂ ಬರಲಿಲ್ಲ.